ಗುಡ್ಡಕ್ಕೆ ನಾನೇ ಕಿವಿ

ಅಂಗೈಯಗಲದ ಒಂದು ಪೆಟ್ಟಿಗೆಗಾಗಿ ನಮ್ಮ ಮನೆಯಲ್ಲಿ ನಡೆದಷ್ಟು ಯುದ್ಧಗಳನ್ನು ನಮ್ಮ ವೇಲ್ಸ್‌ನ ಹಿಂದಿನ ರಾಜರು ಇಂಗ್ಲಿಷರ ಮೇಲೂ ಮಾಡಿರಲಾರರು. ಅದು ನನ್ನ ರೇಡಿಯೊ ಸ್ಕ್ಯಾನರ್. ಯುದ್ಧವಿಮಾನದ ಪೈಲಟ್‌ಗಳು ಆಕಾಶದಲ್ಲಿ ಆಡಿಕೊಳ್ಳುವ ಮಾತನ್ನು ಹುಡುಕಿ ಹಿಡಿದು ನನ್ನ ಕಿವಿಗೆ ಹಾಕುತ್ತದೆ. ನಾನಿಲ್ಲಿ ಮೊಟ್ಟೆ ಬೇಯಿಸುತ್ತಿದ್ದರೆ ಇದ್ದಕ್ಕಿದ್ದಂತೆ ಮೋಡದ ಮೇಲಿನಿಂದ ಒಬ್ಬ ಮನುಷ್ಯ ಮಾತಾಡುತ್ತಾನೆ! ಇಷ್ಟು ವರ್ಷವಾದರೂ ಪ್ರತಿಸಲ ನನಗೆ ಮೈ ಜುಮ್ಮೆನ್ನುತ್ತದೆ. (ಮೊಟ್ಟೆಯೂ ಪ್ರತಿಸಲ ಕಲ್ಲಾಗುತ್ತದೆ.)

ನನ್ನ ಹೆಂಡತಿ ನೆಸ್ತಾಳಿಗೆ ಮಾತ್ರ ಅದರಲ್ಲಿ ಕೇಳಿಸುವುದು 'ಸೊಯ್ಯ್' ಎಂಬ ಸದ್ದೊಂದೇ.

"ಗೆಥಿನ್, ಈ ಅಡುಗೆಮನೇಲಿ ಒಂದೋ ಅದಿರ್ಬೇಕು, ಇಲ್ಲ ನಾನಿರ್ಬೇಕು," ಎಂದಳು ಒಂದು ದಿನ.

ನಾನು ಸ್ವಲ್ಪ ಯೋಚಿಸಿದೆ. ಯೋಚಿಸಬಾರದಿತ್ತು.

"ಇದಕ್ಕೆ ಯೋಚ್ನೆ ಬೇರೆ ಮಾಡ್ತೀಯೇನೋ?"

ಕೊನೆಗೆ ಸಂಧಾನವಾಯಿತು. ಬುಧವಾರ ಅವಳು ಒಂದೇ ಒಂದು ಸಲ ನನ್ನೊಡನೆ ವಿಮಾನ ನೋಡಲು ಗುಡ್ಡಕ್ಕೆ ಬರುವುದು. ಬೆರಗಾದರೆ ಸ್ಕ್ಯಾನರ್ ಅಡುಗೆಮನೆಯಲ್ಲಿ, ಆಕಳಿಸಿದರೆ ಅಟ್ಟದಲ್ಲಿ. (ಎರಡಕ್ಕೂ ಬಾಯಿ ತೆರೆಯಲೇಬೇಕಾದ್ದರಿಂದ ತೀರ್ಪು ಅವಳದೇ.)

ಡೊಲ್ಗೆಥ್ಲೈ ಊರು ದಾಟಿದರೆ ನಮ್ಮ ಕಣಿವೆ. ತಗ್ಗಿನಲ್ಲಿ ಹಾರುವ ಅಭ್ಯಾಸಕ್ಕೆ ಅಲ್ಲಿಗೆ ಬರುವ ಯುದ್ಧವಿಮಾನಗಳು, ಗುಡ್ಡದ ಮೇಲೆ ನಿಂತ ನಮ್ಮ ಕಾಲ ಕೆಳಗೆ ಹಾರುತ್ತವೆ. ಹದ್ದಿಗೆ ಮಾತ್ರ ಕಾಣಬೇಕಾದ ನೋಟ ನಮ್ಮಂಥ ಮಂಡಿನೋವಿನವರಿಗೂ ಸಿಗುತ್ತದೆ. ಕ್ಯಾಮೆರಾ ಹಿಡಿದು ಇಪ್ಪತ್ತು ಜನ ಸೇರುತ್ತೇವೆ. ಇಪ್ಪತ್ತು ಸ್ಕ್ಯಾನರ್ ಒಟ್ಟಿಗೆ ಅರಚಿದರೆ ಕುರಿಗಳೂ ಗುಳೆ ಹೋದಾವೆಂದು ನಮ್ಮಲ್ಲೊಂದು ಪದ್ಧತಿ: ದಿನಕ್ಕೆ ಒಬ್ಬರದು ಮಾತ್ರ ಹಾಡಬೇಕು. ಆ ದಿನಕ್ಕೆ ಅವನೇ ಗುಡ್ಡದ 'ಕಿವಿ'. ಅವನು "ಎಡ" ಎಂದರೆ ಎಲ್ಲ ಕ್ಯಾಮೆರಾಗಳೂ ಎಡಕ್ಕೆ. ಆ ಬುಧವಾರ ಈ ಮಹಾಪದವಿ ನನ್ನ ಪಾಲಿಗೆ ಬಂದಿತ್ತು.

"ನೆಸ್ತಾ ಅವ್ರೇ, ಇವತ್ತು ನಿಮ್ಮ ಯಜಮಾನ್ರೇ ನಮಗೆಲ್ಲ ಕಿವಿ," ಎಂದ ನಮ್ಮ ಗುಡ್ಡದ ಹಿರಿಯ ಆಲುನ್.

"ಹೌದಾ? ಮನೇಲಿ ಇವ್ನಿಗೆ ಒಂದೂ ಕೇಳಿಸಲ್ವಲ್ಲ!"

ಇಪ್ಪತ್ತು ಜನ ನಕ್ಕರು. ನೆಸ್ತಾ ಕಂಬಳಿ ಹಾಸಿ ಕೂತು ಒಣದ್ರಾಕ್ಷಿಯ ಬ್ರೆಡ್ಡು ಬಾರಾ ಬ್ರಿತ್‌ನ ಹೋಳುಗಳನ್ನು ಹಂಚಿದಳು. ಚಹಾ ಮುಗಿಯಿತು. ವಿಮಾನ ಬರಲಿಲ್ಲ.

"ಆ ಸೊಯ್ಯ್ ನಿಲ್ಸೋ, ತಲೆ ಚಿಟ್ಟು ಹಿಡೀತಿದೆ," ಎಂದಳು. ಅವಳ ಬಾಯಿ ಆಕಳಿಕೆಗೆ ಸಜ್ಜಾಗುತ್ತಿತ್ತು.

ಸ್ಕ್ಯಾನರಿನಲ್ಲಿ ಆ ಸದ್ದನ್ನು ಅಡಗಿಸಲು ಒಂದು ಗುಂಡಿಯಿದೆ. ಅದನ್ನು ಅತಿಯಾಗಿ ತಿರುಗಿಸಿದರೆ ದೂರದ ಸಣ್ಣ ದನಿಗಳೂ ಅಡಗಿಬಿಡುತ್ತವೆ ಎಂದು ಹೊಸಬರಿಗೆಲ್ಲ ಉಪದೇಶಿಸುವ ಮಹಾಶಯ ನಾನೇ. ಆದರೆ ಅಟ್ಟ ಕಣ್ಮುಂದೆ ಬಂತು. ಪೂರ್ತಿ ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ಸ್ಫಟಿಕದಂಥ ದನಿ: "ಎರಡು ವಿಮಾನ, ಉತ್ತರದಿಂದ ಕಣಿವೆಗೆ ಇಳಿಯುತ್ತಿದ್ದೇವೆ."

ಉತ್ತರವೆಂದರೆ ನಮ್ಮ ಎಡಗಡೆ. "ಎಡ!" ಎಂದು ಕೂಗಿದೆ. ಇಪ್ಪತ್ತು ಕ್ಯಾಮೆರಾಗಳು ಎಡಕ್ಕೆ ತಿರುಗಿದವು. ಕುರಿಗಳು ಮೇಯುವುದನ್ನು ನಿಲ್ಲಿಸಿದವು. ಕಣಿವೆಗೆ ಕಣಿವೆಯೇ ಉಸಿರು ಬಿಗಿಹಿಡಿದಂತಿತ್ತು. ಕಾದೆವು. ಇನ್ನೂ ಕಾದೆವು.

"ಎಡಾನೇ ತಾನೇನೋ?" ಆಲುನ್ ಪಿಸುಗುಟ್ಟಿದ.

"ನನ್ನ ಕಿವಿ ಮೇಲಾಣೆ!"

ಆಗ ನಮ್ಮ ಬೆನ್ನ ಹಿಂದೆ, ಬಲಗಡೆ, ಆಕಾಶ ಹರಿಯಿತು. ನೆಲ, ಕಲ್ಲು, ನನ್ನ ಎದೆಗೂಡು ಎಲ್ಲ ಒಟ್ಟಿಗೆ ನಡುಗಿದವು. ಸದ್ದು ಕೇಳಿ ತಿರುಗುವವನಿಗೆ ಯುದ್ಧವಿಮಾನ ದಕ್ಕುವುದಿಲ್ಲ. ನಾನು ತಿರುಗುವಷ್ಟರಲ್ಲಿ ಎರಡು ಬೆಂಕಿಯ ಚುಕ್ಕೆಗಳು ಬೆಟ್ಟದ ಮರೆಗೆ ಸರಿದಿದ್ದವು. ನನಗೆ ಕಂಡದ್ದು ನೆಸ್ತಾಳ ಮುಖ. ಕಂಬಳಿಯ ಮೇಲೆ ಎದ್ದು ನಿಂತಿದ್ದಳು, ಕೈ ಇನ್ನೂ ಮೇಲೆ, ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರು.

"ಗೆಥಿನ್, ನಮ್ಮ ಕಾಲ ಕೆಳಗೇ ಹೋದ್ರು ಕಣೋ! ಅವ್ನ ಹೆಲ್ಮೆಟ್ ಕಾಣ್ತು. ನಾನು ಕೈ ಎತ್ತಿದ್ರೆ ಅವ್ನೂ ಕೈ ಎತ್ತಿದ! ಅಯ್ಯೋ ದೇವ್ರೇ, ಇಂಥದ್ದು ಮಡಗಿಕೊಂಡು ನೀನು ಇಷ್ಟು ವರ್ಷ ಬರೀ ಸೊಯ್ಯ್ ಕೇಳ್ಸಿದ್ಯಲ್ಲೋ!"

ನನ್ನ ಜನ್ಮದಲ್ಲಿ ಒಬ್ಬ ಪೈಲಟ್ಟೂ ನನಗೆ ಕೈ ಎತ್ತಿದವನಲ್ಲ. ಆದರೂ ಅವಳ ಬೆರಗು ನೋಡಿ ನನಗೆ ವಿಮಾನ ನೋಡಿದಷ್ಟೇ ಸಂತೋಷವಾಯಿತು.

ಇಪ್ಪತ್ತು ಕ್ಯಾಮೆರಾಗಳಲ್ಲಿ ಖಾಲಿ ಬೆಟ್ಟ ಬಿದ್ದಿತ್ತು. ಆಲುನ್ ನನ್ನ ಸ್ಕ್ಯಾನರ್ ಕಿತ್ತುಕೊಂಡು ಗುಂಡಿ ನೋಡಿದ. "ಪೂರ್ತಿ ಮುಚ್ಚಿಟ್ಟಿದ್ದೀಯಲ್ಲೋ ಪುಣ್ಯಾತ್ಮ! ಉತ್ತರಕ್ಕೆ ಮೋಡ ಅಡ್ಡ ಬಂದಿದೆ, ದಕ್ಷಿಣದಿಂದ ಸುತ್ತಿ ಬರ್ತೀವಿ ಅಂತ ಆಮೇಲೆ ಅವ್ರು ಹೇಳಿರ್ತಾರೆ. ನಿನ್ನ ಪೆಟ್ಟಿಗೆ ನುಂಗ್ಕೊಂಡಿದೆ." ಆಮೇಲೆ ನೆಸ್ತಾಳ ಕಡೆ ತಿರುಗಿದ. "ನಾವೆಲ್ಲ ಎಡಕ್ಕೆ ನೋಡ್ತಿದ್ವಿ. ನೀವೊಬ್ರು ಹೇಗೆ ಬಲಕ್ಕೆ ನೋಡಿದ್ರಿ?"

"ಅದೇನು ದೊಡ್ಡ ವಿದ್ಯೆ? ಮದುವೆಯಾದಾಗ್ಲಿಂದ ಕಾರಲ್ಲಿ ಇವ್ನೇ ದಾರಿ ಹೇಳೋದು. ಇವ್ನು ಎಡ ಅಂದ ಕೂಡ್ಲೇ ನಾನು ಬಲಕ್ಕೆ ತಿರುಗ್ತೀನಿ."

ಸ್ಕ್ಯಾನರ್ ಅಡುಗೆಮನೆಯಲ್ಲೇ ಉಳಿಯಿತು. ಅಷ್ಟೇ ಅಲ್ಲ, ಗುಡ್ಡದವರು ಒಮ್ಮತದಿಂದ ನನ್ನನ್ನೇ ಖಾಯಂ ಕಿವಿ ಮಾಡಿದರು. ಹೆಮ್ಮೆಯಿಂದ ಬೀಗುತ್ತಾ ಮುಂದಿನ ಬುಧವಾರ, ಈ ಸಲ ಗುಂಡಿ ಮುಟ್ಟದೆ, "ಬಲ!" ಎಂದು ಕೂಗಿದೆ. ನೆಸ್ತಾಳೂ ಇಪ್ಪತ್ತು ಕ್ಯಾಮೆರಾಗಳೂ ಒಟ್ಟಿಗೆ ಎಡಕ್ಕೆ ತಿರುಗಿದವು.

ಎಡದಿಂದಲೇ ಬಂದ ವಿಮಾನವನ್ನು ಎಂದೂ ಕಾಣದಷ್ಟು ಹತ್ತಿರದಿಂದ ನಾನೂ ಕಣ್ತುಂಬ ನೋಡಿದೆ. ಯಾಕೆಂದರೆ "ಬಲ" ಎಂದು ಕೂಗಿ ನಾನೂ ಎಡಕ್ಕೇ ತಿರುಗಿದ್ದೆ.