ಮಾದಪ್ಪನ ಪಾಲಿನ ಭಾಗಾಕಾರ

ಇಪ್ಪತ್ತನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು? ಐದು ಎನ್ನುತ್ತೀರಿ. ನಾನೂ ಐದೆಂದೇ ನಂಬಿದ್ದೆ. ಆದರೆ ನಮ್ಮ ಅತ್ತೆಯ ಪ್ರಕಾರ ಅದು ನಾಲ್ಕು! ಸ್ಕೂಲಿನ ಮೆಟ್ಟಿಲನ್ನೇ ತುಳಿಯದ ನಮ್ಮ ಅತ್ತೆ ಈ ವರ್ಷ ನಾಲ್ಕನೇ ಕ್ಲಾಸಿನ ಗಣಿತವನ್ನು ಅಲುಗಾಡಿಸಿಬಿಟ್ಟರು.

ಆ ಸುದ್ದಿ ಬಂದಾಗ ನಾನು ಅಂಗಳದಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದೆ. ಕೈಯೆಲ್ಲ ಅಂಟು. ಫೋನು ಬಡಿದುಕೊಂಡಿತು. ಮೊಣಕೈಯಿಂದ ಒತ್ತಿ, ಕಿವಿಯನ್ನೇ ಫೋನಿನ ಹತ್ತಿರ ಬಗ್ಗಿಸಿದೆ. ಮಗಳ ಟೀಚರು, ಅರ್ಧ ತಮಿಳು, ಅರ್ಧ ಕನ್ನಡ.

“ಅಮ್ಮಾ, ಕೊಂಜಂ ಸ್ಕೂಲುಕ್ಕು ವಾಂಗ, ಸ್ವಲ್ಪ ಬಂದು ಹೋಗಿ. ನಿಮ್ಮ ಮಗಳ ಲೆಕ್ಕದ ಪೇಪರು ನೋಡಬೇಕು ನೀವು.”

ಮಗಳಿಗೆ ಲೆಕ್ಕ ಕಲಿಸುವ ಕೆಲಸವನ್ನು ಅತ್ತೆಗೆ ಒಪ್ಪಿಸಿದವಳು ನಾನೇ ತಾನೆ! ನನ್ನ ತವರು ಬೆಟ್ಟದಾಚೆ, ಕೊಳ್ಳೇಗಾಲದ ಕಡೆ. ನಾನು ಮಗ್ಗಿ ಕಲಿತದ್ದು ಕನ್ನಡದಲ್ಲಿ. ಮದುವೆಯಾಗಿ ಬಂದದ್ದು ತಮಿಳುನಾಡಿನ ಪಾಲಮಲೆಯ ಕೆಳಗಿನ ಈ ಊರಿಗೆ. ಮಗಳು ಓದುವುದು ತಮಿಳಿನಲ್ಲಿ. ನಾನು “ಎರಡೆರಡ್ಲ ನಾಲ್ಕು” ಎಂದರೆ ಅವಳು “ಈರೆಂಡು ನಾಲು” ಎನ್ನುತ್ತಾಳೆ. ಇಬ್ಬರೂ ಎಂಟರ ಮಗ್ಗಿ ಮುಟ್ಟುವ ಹೊತ್ತಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಜಗಳ. ಆಗ ಅತ್ತೆ ನಡುವೆ ಬಂದರು. “ನೀನು ಬುಡಮ್ಮಿ. ನಲವತ್ತು ಕುರಿ ಮೇಯಿಸಿದೋಳಿಗೆ ಒಂದು ಮೊಗ ಮೇಯ್ಸಕ್ಕೆ ಆಗಲ್ವಾ?”

ಒಬ್ಬರಾದರೂ ಸಿಕ್ಕಿದರಲ್ಲ, ಅದೇ ಮಾದಪ್ಪನ ದಯೆ ಎಂದುಕೊಂಡೆ.

ಅತ್ತೆಯ ಗುಣಾಕಾರ ಶುರುವಾದದ್ದು ಕುರಿಯ ಕಾಲಿನಿಂದ. ಸಂಜೆ ಕುರಿಗಳು ದೊಡ್ಡಿಗೆ ನುಗ್ಗುವಾಗ ಅಜ್ಜಿ ಮೊಮ್ಮಗಳು ಬಾಗಿಲಲ್ಲಿ ನಿಂತುಬಿಡುವರು. ಒಂದು ಕುರಿ ಬಂತು, ನಾಲ್ಕು. ಇನ್ನೊಂದು ಬಂತು, ಎಂಟು. ಎರಡೇ ದಿನದಲ್ಲಿ ನಾಲ್ಕರ ಮಗ್ಗಿ ಬಾಯಿಗೆ ಬಂದಿತು. ನನಗೆ ಹಿಡಿಸಲಾರದಷ್ಟು ಸಂತೋಷ. ಒಪ್ಪಿಸು ಮಗಳೇ ಎಂದೆ. ನೀರು ಹರಿದ ಹಾಗೆ ಒಪ್ಪಿಸಿದಳು, “ನಾಲ್ಕೆಂಟ್ಲ ಮೂವತ್ತೆರಡು, ನಾಲ್ಕೊಂಬತ್ಲ ಮೂವತ್ತೈದು!”

“ಮೂವತ್ತಾರು ಕಣೇ!”

“ಇಲ್ಲಮ್ಮ. ಒಂಬತ್ತನೇದು ನಮ್ಮ ಕುಂಟ ಕುರಿ. ಅದು ಒಂದು ಕಾಲು ಊರಲ್ಲ.”

ಅತ್ತೆಯನ್ನು ಕೇಳಿದರೆ, “ಊರದೇ ಇರೋ ಕಾಲನ್ನ ಯಾಕೆ ಎಣಿಸ್ಬೇಕು?” ಎಂದರು.

ಮೂರರ ಮಗ್ಗಿಗೆ ಒಲೆಯ ಗುಂಡುಗಳಾದವು. ಏಳರ ಮಗ್ಗಿಗೆ ವಾರದ ದಿನಗಳು. ಆರರ ಮಗ್ಗಿಯನ್ನು ಮಾತ್ರ ಅತ್ತೆ ಮುಟ್ಟಲೊಲ್ಲರು. “ಆರು ಕಾಲಿಂದು ಯಾವುದೈತೆ?” ಇರುವೆ ಇದೆಯಲ್ಲ ಎಂದೆ. “ಇರುವೆ ಯಾರಾದ್ರೂ ಸಾಕ್ತಾರಾ? ಬೇಕಾದ್ರೆ ನೀನೇ ಏಳ್ಕೊಡು!” ಎಂದರು. ಆರರ ಮಗ್ಗಿ ನನ್ನ ಪಾಲಿಗೆ ಬಿತ್ತು.

ಭಾಗಾಕಾರಕ್ಕೆ ಅತ್ತೆ ಎಲ್ಲಿಗೂ ಹೋಗಬೇಕಿರಲಿಲ್ಲ. ನಮ್ಮ ಮನೆಯಲ್ಲಿ ತಿನ್ನುವ ಯಾವುದೇ ವಸ್ತುವನ್ನು ಹಂಚುವ ಅಧಿಕಾರ ಅವರದೇ. ಕಜ್ಜಾಯವೋ ವಡೆಯೋ ಆದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಕೂತುಬಿಡುತ್ತಾರೆ. ನನ್ನ ಗಂಡನಿಗೆ, ಮೈದುನನಿಗೆ, ಮಗಳಿಗೆ, ತನಗೆ, ಹೀಗೆ ನಾಲ್ಕು ತಟ್ಟೆ. ಮಿಕ್ಕಿದ್ದು ಗೋಡೆಯಲ್ಲಿರುವ ಮಾದಪ್ಪನ ಗೂಡಿಗೆ. ದೇವರ ಮುಂದೆ ಒಂದು ಗಳಿಗೆ ಇದ್ದು, ದೀಪ ಹಚ್ಚಿದ ಮೇಲೆ ಅದು ನನ್ನ ಕೈಗೆ ಬರುತ್ತದೆ. “ಲೇ, ಇರುವೆ ಮುತ್ತುತೈತೆ, ತಗೊಂಡು ತಿಂದ್ಬುಡು.”

ಗಮನಿಸಿದಿರಾ? ನಾಲ್ಕು ತಟ್ಟೆ! ಕಡಾಯಿಯ ಮುಂದೆ ಬೇಯುವ ಐದನೆಯವಳು ಲೆಕ್ಕಕ್ಕೇ ಇಲ್ಲ. ಮೊದಲೆಲ್ಲ ನನ್ನದೂ ಒಂದು ತಟ್ಟೆ ಇತ್ತು, ಸುಳ್ಳು ಹೇಳಬಾರದು. ನಾನು ಅದರಲ್ಲಿ ಇದ್ದದ್ದನ್ನು ಮಗಳ ತಟ್ಟೆಗೋ ಗಂಡನ ತಟ್ಟೆಗೋ ಸುರಿದು ಏಳುತ್ತಿದ್ದೆ. ಸೋಮವಾರ ಉಪವಾಸದ ನೆಪ, ಉಳಿದ ದಿನ ಹಸಿವಿಲ್ಲವೆಂಬ ನೆಪ. ನಾಲ್ಕೈದು ವರ್ಷದ ಕೆಳಗೆ ಒಂದು ದಿನ ಅತ್ತೆ ಸದ್ದಿಲ್ಲದೆ ನನ್ನ ತಟ್ಟೆಯನ್ನೇ ಎತ್ತಿಟ್ಟರು. ಬೇಡವೆಂದವಳು ನಾನೇ. ಆದರೂ ಎತ್ತಿಟ್ಟಾಗ ಸ್ವಲ್ಪ ಚುಚ್ಚಿತು. ಇರಲಿ, ದೇವರ ಪ್ರಸಾದವಾದರೂ ಸಿಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಒಮ್ಮೆ ನಾನು ಜಾಣತನ ಮಾಡಿ ಲೆಕ್ಕ ಹಾಕಿ ಇಪ್ಪತ್ತು ವಡೆ ಕರಿದೆ. ನಾಲ್ಕು ಜನಕ್ಕೆ ಐದೈದು. ಜಗಳವೇ ಇಲ್ಲ! ಅತ್ತೆ ಹಂಚಿ ಮುಗಿಸಿ ಬರಿಯ ಪಾತ್ರೆಯನ್ನು ನೋಡಿದರು. ನನ್ನ ಮುಖ ನೋಡಿದರು. “ದೇವರಿಗೆಲ್ಲಮ್ಮಿ?” ಎಂದವರೇ ನಾಲ್ಕೂ ತಟ್ಟೆಯಿಂದ ಒಂದೊಂದು ವಡೆ ಕಿತ್ತುಕೊಂಡು ಗೂಡಿಗಿಟ್ಟರು. ನನ್ನ ಮೈದುನ ಆಗಲೇ ಕಚ್ಚಿಬಿಟ್ಟಿದ್ದ ವಡೆಯನ್ನು ಬಿಟ್ಟು ಇನ್ನೊಂದನ್ನು ಕಿತ್ತರು, ಅಷ್ಟು ನೇಮ!

ಈಗ ಸ್ಕೂಲಿಗೆ ಬನ್ನಿ. ಅತ್ತೆಯೂ ಕುರಿ ಕಾಯುವ ಕೋಲು ಹಿಡಿದು ನನ್ನ ಹಿಂದೆಯೇ ಹೊರಟರು. ಟೀಚರು ಪೇಪರನ್ನು ನಮ್ಮ ಮುಂದೆ ಹರಡಿದರು. ಇಪ್ಪತ್ತು ಮಾವಿನಹಣ್ಣು, ನಾಲ್ಕು ಮಕ್ಕಳು. ಮಗಳ ಉತ್ತರ: ತಲೆಗೆ ನಾಲ್ಕು, ಮಿಕ್ಕಿದ್ದು ನಾಲ್ಕು, ಅದು ಸಾಮಿಗೆ. ಹನ್ನೆರಡು ಪೆನ್ಸಿಲು, ಮೂರು ಮಕ್ಕಳು. ತಲೆಗೆ ಮೂರು, ಮಿಕ್ಕಿದ್ದು ಮೂರು, ಸಾಮಿಗೆ. ಮಾದಪ್ಪನಿಗೆ ಪೆನ್ಸಿಲು ಯಾಕೆ ಬೇಕು!

ಟೀಚರು ಬಯ್ಯಲಿಲ್ಲ, ನಗು ತಡೆದುಕೊಂಡಿದ್ದರು. ಅದೂ ಒಂದು ದಯೆ. ಆದರೆ ಹೇಳಿದ್ದು ನಗುವ ಮಾತಲ್ಲ. ಶುಕ್ರವಾರ ಇನ್ನೊಂದು ಪರೀಕ್ಷೆ. ಅದರಲ್ಲೂ ಹೀಗೇ ಬರೆದರೆ ಗಣಿತದ ಹೊತ್ತಿನಲ್ಲಿ ಮೂರನೇ ಕ್ಲಾಸಿನ ಮಕ್ಕಳ ಜೊತೆ ಕೂರಬೇಕು.

ಅತ್ತೆಗೆ ಸಿಟ್ಟು ಬಂದಿತು. ಚೆನ್ನಾದ ತಮಿಳಿನಲ್ಲೇ ಕೇಳಿದರು, “ಎಲ್ಲಾನೂ ಹಂಚಿಬಿಟ್ಟರೆ ಹೆಂಗೆ ಟೀಚರಮ್ಮ? ಸಾಮಿಗೆ ಏನಿಡ್ತೀರಿ?”

“ಅಜ್ಜೀ, ಪುಸ್ತಕದಲ್ಲಿ ಐದು ಅಂತಲೇ ಇದೆಯಲ್ಲ!”

“ಆ ಪುಸ್ತಕ ಬರೆದೋರು ಒಂದು ದಿನಾನೂ ಊಟ ಬಡಿಸಿಲ್ಲ, ಬುಡಿ!” ಎಂದು ಕೋಲೂರಿ ಹೊರಗೆ ಬಂದರು.

ಮನೆಗೆ ಬಂದ ಮಗಳು ಪುಸ್ತಕದ ಚೀಲವನ್ನು ಮೂಲೆಗೆಸೆದಳು. “ಚಿಕ್ಕ ಮಕ್ಕಳ ಜೊತೆ ನಾನು ಕೂರಲ್ಲ. ಸ್ಕೂಲಿಗೇ ಓಗಲ್ಲ. ಅಜ್ಜಿ ಜೊತೆ ಕುರಿ ಮೇಯಿಸ್ತೀನಿ.” ಆ ಮಾತಿಗೆ ನಾನು ನಗಲಿಲ್ಲ. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದೂ ಇಂಥದೇ ಒಂದು ಪೇಪರು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದ ದಿನ. ಅವತ್ತು ಯಾರೂ ನನ್ನನ್ನು ಮರಳಿ ಕಳಿಸಲಿಲ್ಲ.

ಅತ್ತೆಗೆ ಹೇಳಿದೆ, “ಅತ್ತೆ, ಶುಕ್ರವಾರದವರೆಗೂ ನೀವು ಲೆಕ್ಕ ಹೇಳಿಕೊಡಬೇಡಿ.” ಅವರು “ಆಯ್ತು ತಾಯಿ” ಎಂದರು. ಆದರೆ ಆ ದಿನದಿಂದ ಹಂಚುವುದನ್ನೇ ನಿಲ್ಲಿಸಿಬಿಟ್ಟರು! ಬೆಂದ ಗೆಣಸಿನ ಪಾತ್ರೆಯನ್ನು ನಡುವೆ ಇಟ್ಟು, “ಬೇಕಾದೋರು ಬೇಕಾದಷ್ಟು ತಗೊಳ್ಳಿ. ನಂಗೆ ಲೆಕ್ಕ ಬರಲ್ವಂತೆ” ಎಂದರು. ನನ್ನ ಮೈದುನನಿಗೆ ಅಷ್ಟು ಸುಖದ ವಾರ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಗೂಡಿನ ಮಾದಪ್ಪನಿಗೆ ವಿಭೂತಿ ಬಿಟ್ಟರೆ ಏನೂ ಸಿಗಲಿಲ್ಲ.

ಗುರುವಾರ ಸಂಜೆ ಹುಣಸೆಹಣ್ಣು ಬಿಡಿಸುತ್ತಲೇ, ಮಗಳನ್ನು ಎದುರಿಗೆ ಕೂರಿಸಿಕೊಂಡು ಇಪ್ಪತ್ತು ಹುಣಸೆಬೀಜ ಎಣಿಸಿಟ್ಟೆ. ನಾಲ್ಕು ಗುಡ್ಡೆ ಮಾಡು ಎಂದೆ. ನಾಲ್ಕು ನಾಲ್ಕರಂತೆ ಇಟ್ಟು, ಉಳಿದ ನಾಲ್ಕನ್ನು ಪಕ್ಕಕ್ಕೆ ಸರಿಸಿದಳು. ನಾನು ಅವನ್ನು ಎತ್ತಿ ಗುಡ್ಡೆಗಳಿಗೆ ಒಂದೊಂದು ಸೇರಿಸಿದೆ. ಅವಳು ಮತ್ತೆ ಕಿತ್ತಳು. ಮತ್ತೆ ಸೇರಿಸಿದೆ. ಮತ್ತೆ ಕಿತ್ತಳು. ಅಜ್ಜಿಯ ರಕ್ತ!

“ದೇವರಿಗೆ ಮನೇಲಿ ಇಡೋಣ. ಸ್ಕೂಲಲ್ಲಿ ಎಲ್ಲಾನೂ ಹಂಚಿಬಿಡು ಮಗಳೇ.”

ಅವಳ ಕಣ್ಣು ತುಂಬಿತು. “ಎಲ್ಲಾ ಅಂಚ್ಬುಟ್ರೆ ನಿಂಗೇನ್ ಉಳೀತೈತೆ?”

“ನನಗ್ಯಾಕೆ? ಅದು ಮಾದಪ್ಪಂದು.”

“ಮಾದಪ್ಪ ಎಲ್ಲಿ ತಿಂತಾನೆ? ನೀನಲ್ವಾ ತಿನ್ನೋದು! ಅಜ್ಜಿ ನಂಗೆ ಏಳೈತೆ. ನಿಮ್ಮವ್ವಂಗೆ ಪಾಲು ಅಂತ ಕೊಟ್ರೆ ನಮ್ಮ ತಟ್ಟೆಗೇ ಸುರೀತಾಳೆ. ಪ್ರಸಾದ ಅಂದ್ರೆ ಇನ್ನೊಬ್ರಿಗೆ ಕೊಡಲ್ಲ, ಕಣ್ಣಿಗೊತ್ಕೊಂಡು ತಾನೇ ತಿಂತಾಳೆ. ಅದಕ್ಕೇ ಎಲ್ಲಾರಿಗೂ ಎಷ್ಟೋ, ಗೂಡಿಗೂ ಅಷ್ಟೇ ಇಡ್ಬೇಕು ಅಂತ.” ಪಕ್ಕದ ನಾಲ್ಕು ಬೀಜವನ್ನೂ ಗುಡ್ಡೆ ಮಾಡಿ ತೋರಿಸಿದಳು. “ನೋಡು, ಐದು ಗುಡ್ಡೆ.”

ನೋಡಿದೆ. ಐದೂ ಸಮ.

ಹತ್ತು ಕಜ್ಜಾಯವಿದ್ದ ದಿನ ನನಗೆ ಸಿಕ್ಕ ಪ್ರಸಾದ ಎರಡು. ಹದಿನೈದಿದ್ದ ದಿನ ಮೂರು. ನಾಲ್ಕೈದು ವರ್ಷ ಕೂಡಿಸಿ ನೋಡಿದರೂ ಎಲ್ಲವೂ ಐದರ ಮಗ್ಗಿಯೇ! ಲೆಕ್ಕ ಬರದವಳು ನಾನು.

ಹುಣಸೆಯ ಕೈಯಲ್ಲಿ ಕಣ್ಣು ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡೆ. ಮಗಳಿಗೆ ಹೇಳಿದೆ, “ಪೇಪರಿನಲ್ಲಿರೋ ಮಕ್ಕಳ ಅಮ್ಮಂದಿರು ಊಟ ಮಾಡಿದ್ದಾರೆ. ಅವರ ಮನೇಲೂ ಅಜ್ಜಿ ಇರ್ತಾರೆ. ನೀನು ಧೈರ್ಯವಾಗಿ ಎಲ್ಲಾ ಹಂಚು.”

“ನಿಜವಾಗ್ಲೂ ಇರ್ತಾರಾ?”

“ಮಾದಪ್ಪನಾಣೆ.”

ಶುಕ್ರವಾರ ಎಲ್ಲಾ ಲೆಕ್ಕ ಸರಿ. ಅತ್ತೆಗೆ ಹೇಳಿದರೆ, “ನಾನು ಏಳ್ಕೊಟ್ಟದ್ದು ಸುಮ್ನೆ ಓಯ್ತದಾ?” ಎಂದು ಆ ಸಂಜೆಯೇ ಸೆರಗು ಸಿಕ್ಕಿಸಿ ಹಂಚಲು ಕೂತರು. ಹತ್ತು ವಡೆ. ನಾಲ್ಕು ತಟ್ಟೆಗೆ ಎರಡೆರಡು, ಮಿಕ್ಕಿದ್ದು ಗೂಡಿಗೆ. ಮಗಳು ನನ್ನ ಕಡೆ ನೋಡಿ ತುಟಿ ಕಚ್ಚಿಕೊಂಡಳು. ನನಗೆ ಗೊತ್ತಾಯಿತೆಂದು ನಾನು ಅತ್ತೆಗೆ ಹೇಳಲಿಲ್ಲ. ಹೇಳಿದರೆ ಅವರು ನಾಚಿಕೊಂಡು ನನಗೆ ಬಯ್ಯುತ್ತಾರೆ.

ದೀಪ ಹಚ್ಚಿದ ಮೇಲೆ ಕೂಗಿದರು, “ಲೇ, ಇರುವೆ ಮುತ್ತುತೈತೆ, ತಗೊಂಡು ತಿಂದ್ಬುಡು!”

ತಗೊಂಡೆ. ಕಣ್ಣಿಗೊತ್ತಿಕೊಂಡು, ಅವರ ಎದುರಿಗೇ ಕೂತು ಎರಡನ್ನೂ ತಿಂದೆ. ಆಮೇಲೆ ಕೈ ತೊಳೆದು, ಬೀಜ ಬಿಡಿಸಿದ್ದ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಉಂಡೆ ಕಟ್ಟಲು ಕೂತೆ.