ಕೊಂಡಪ್ಪನವರ ಸಿಟ್ಟೌಟು

ಹೊಸಕೋಟೆ ಬಸ್ ಸ್ಟ್ಯಾಂಡಿನ ಹಿಂದಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಫ್ಲ್ಯಾಟ್ ತಗೊಂಡು ಏಳು ತಿಂಗಳಾಗಿತ್ತು. ಆದರೆ ಯಾವ ಕೆಲಸಕ್ಕೋಸ್ಕರ ಕೊಂಡಪ್ಪನವರು ಅದನ್ನ ತಗೊಂಡರೋ ಆ ಒಂದು ಕೆಲಸ ಮಾತ್ರ ಇನ್ನೂ ಆಗಿರಲಿಲ್ಲ. ಏನು ಅಂಥಾ ಘನಂದಾರಿ ಕೆಲಸ ಅಂತೀರಾ? ಸಿಟ್ಟೌಟಿನಲ್ಲಿ ಒಂದು ಕುರ್ಚಿ ಹಾಕಿಕೊಂಡು, ಒಬ್ಬರೇ ಕೂತು, ಒಂದು ಲೋಟ ಕಾಫಿ ಕುಡಿಯೋದು. ಅಷ್ಟೇ ಸ್ವಾಮಿ. ಚಂದ್ರನ ಮೇಲೆ ಕಾಲಿಡಬೇಕು ಅಂತ ಅವರೇನೂ ಕೇಳಿರಲಿಲ್ಲ.

ಸಿಟ್ಟೌಟು ಅಂದರೆ ಗೊತ್ತಲ್ಲ, ಹಾಲಿನ ಬಾಗಿಲು ತೆಗೆದರೆ ಆಚೆಗೆ ಕಬ್ಬಿಣದ ಕಂಬಿ ಹಾಕಿದ ಪುಟ್ಟ ಜಾಗ. ಬಾಲ್ಕನಿ ಅಂತಾನೂ ಅಂತಾರೆ. ಬಿಲ್ಡರ್ ಹಂಚಿದ ಕರಪತ್ರದಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ "ಪ್ರತಿ ಮನೆಗೂ ಪ್ರತ್ಯೇಕ ಸಿಟ್ಟೌಟ್" ಅಂತ ಅಚ್ಚಾಗಿತ್ತು. ಉದ್ದ ಆರಡಿ, ಅಗಲ ನಾಲ್ಕಡಿ. ಅಡುಗೆಮನೆ ಕತ್ತಲೆ ಅಂತ ಹೆಂಡತಿ ಪ್ರಮೋದಾ ತೋರಿಸಿದಳು. ಮಂಚ ಹಾಕಿದರೆ ಬೀರು ಬಾಗಿಲು ಅರ್ಧಕ್ಕೇ ನಿಲ್ಲತ್ತೆ ಅಂತ ಅಳತೆ ಹಿಡಿದು ತೋರಿಸಿದಳು. ಕೊಂಡಪ್ಪನವರ ಕಿವಿಗೆ ಏನೂ ಬೀಳಲಿಲ್ಲ. ಅವರು ಆಗಲೇ "ಪ್ರತ್ಯೇಕ" ಅನ್ನೋ ಪದಕ್ಕೆ ಮನಸ್ಸು ಕೊಟ್ಟುಬಿಟ್ಟಿದ್ದರು.

ಪಾಪ, ಅವರ ಕಷ್ಟಾನೂ ಸ್ವಲ್ಪ ಕೇಳಿ. ಹುಟ್ಟಿದ ಮನೆಯಲ್ಲಿ ಒಂದೇ ಕೋಣೇಲಿ ಒಂಬತ್ತು ಜನ ಸಾಲಾಗಿ ಮಲಗಬೇಕಿತ್ತು. ಒಬ್ಬರು ಮಗ್ಗುಲು ಬದಲಾಯಿಸಿದರೆ ಉಳಿದ ಎಂಟು ಜನಾನೂ ಬದಲಾಯಿಸಬೇಕು. ಮದುವೆಯಾದ ಮೇಲೆ ವಠಾರ. ಅಲ್ಲಿ ಜಗಲಿ ಮೇಲೆ ಐದು ನಿಮಿಷ ಸುಮ್ಮನೆ ಕೂತರೆ "ಏನ್ ಕೊಂಡಪ್ಪಣ್ಣ, ಮನೇಲಿ ಏನಾದ್ರೂ ಜಗಳವಾ?" ಅಂತ ಎಂಟೂ ಮನೆಯವರು ಬಂದು ವಿಚಾರಿಸೋರು. ಇನ್ನು ಪಿಲ್ಲಗುಂಪೆ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಇಪ್ಪತ್ತೆಂಟು ವರ್ಷ. ಅಲ್ಲಿ ಟಾಯ್ಲೆಟ್ಟಿಗೆ ಹೋಗಿಬಂದರೂ ಸೂಪರ್‌ವೈಸರ್ ಗಡಿಯಾರ ನೋಡೋನು. ಐವತ್ತನಾಲ್ಕು ವರ್ಷದಲ್ಲಿ "ಇದು ನನ್ನ ಜಾಗ, ಯಾರೂ ಮಾತಾಡಿಸಬೇಡಿ" ಅನ್ನೋಕೆ ಆ ಮನುಷ್ಯನಿಗೆ ಒಂದು ಚಾಪೆಯಷ್ಟು ಅಗಲ ಸಿಕ್ಕಿರಲಿಲ್ಲ. ಅದಕ್ಕೇ ಆ ಆರಡಿ ನಾಲ್ಕಡಿ ಅಂದರೆ ಅವರಿಗೆ ಪ್ರಾಣ.

ಆದರೆ ಆಗಿದ್ದೇನು? ಗೃಹಪ್ರವೇಶದ ದಿನವೇ ತುಳಸಿ ಕುಂಡ ಬಂತು. ತುಳಸಿನ ಬೇಡ ಅನ್ನೋಕಾಗತ್ಯೇ? ಅದರ ಹಿಂದೇನೇ ವಾಷಿಂಗ್ ಮೆಷಿನ್, ಯುಪಿಎಸ್ ಬ್ಯಾಟರಿ, ಒಂದು ಮೂಟೆ ರಾಗಿ, ಖಾಲಿ ಸಿಲಿಂಡರ್, ತಲೆ ಮೇಲೆ ಮೂರು ಸಾಲು ಒಗೆದ ಬಟ್ಟೆ. ಇದೆಲ್ಲದರ ನಟ್ಟನಡುವೆ ಸಾಮ್ರಾಜ್ಯ ಸ್ಥಾಪಿಸಿ ಕೂತಿದ್ದು ಮುತ್ಯಾಲಮ್ಮನ ಒರಳುಕಲ್ಲು. ಅದರಲ್ಲಿ ಯಾರೂ ರುಬ್ಬಲ್ಲ. ಆದರೆ ಶುಕ್ರವಾರ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಆಗಲೇಬೇಕು. ಕೊಂಡಪ್ಪನವರು ಆಸೆಪಟ್ಟು ತಂದ ಬೆತ್ತದ ಕುರ್ಚಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಾಗಿಲ ಹಿಂದೆ ತಲೆಕೆಳಗಾಗಿ ನಿಂತಿತ್ತು. ಅದರ ನಾಲ್ಕು ಕಾಲಿನ ಮಧ್ಯೆ ಈರುಳ್ಳಿ ಬುಟ್ಟಿ.

ಈ ಮುತ್ಯಾಲಮ್ಮ ಯಾರು ಅಂತ ಹೇಳಿಬಿಡ್ತೀನಿ. ಕೊಂಡಪ್ಪನವರು ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನ. ಹಂಗಾಗಿ ಮುತ್ಯಾಲಮ್ಮ ಅವರಿಗೆ ಅಕ್ಕಾನೂ ಹೌದು, ಅತ್ತೇನೂ ಹೌದು. ಬೈಯೋವಾಗ ಅಕ್ಕ, ಮರ್ಯಾದೆ ತಗೊಳ್ಳೋವಾಗ ಅತ್ತೆ. (ಬೇರೆ ಗಂಡಸರಾದರೆ ಅತ್ತೆ ಮೇಲಿನ ದೂರನ್ನ ಅಕ್ಕನ ಹತ್ತಿರ ಹೇಳಿಕೊಂಡು ಅಳಬಹುದು. ಇವರು ಎಲ್ಲಿಗೆ ಹೋಗಬೇಕು, ನೀವೇ ಹೇಳಿ.)

ಒಂದು ಭಾನುವಾರ ಕೊಂಡಪ್ಪನವರು ಪಂಚೆ ಎತ್ತಿ ಕಟ್ಟಿ ಯುದ್ಧ ಸಾರಿದರು.

"ನೋಡು ಪ್ರಮೋದಾ, ಭೂಮಿ ಆಕಾಶ ಒಂದಾದ್ರೂ ಇವತ್ತು ನಾನು ಅಲ್ಲಿ ಕೂತೇ ಕೂರ್ತೀನಿ."

"ಕೂತ್ಕೊಳ್ರೀ, ಯಾರು ಬೇಡ ಅಂದ್ರು? ವಾಷಿಂಗ್ ಮೆಷಿನ್ ಮೇಲೆ ಜಾಗ ಇದೆಯಲ್ಲ."

"ಅದು ತಿರುಗ್ತಾ ಇದೆ ಕಣೇ!"

"ಒಳ್ಳೇದೇ ಆಯ್ತು, ನಿಮ್ಮ ಸೊಂಟದ ನೋವಿಗೆ."

"ಮಿಕ್ಸಿ ಇದೆ, ಗ್ರೈಂಡರ್ ಇದೆ. ಈ ಒರಳುಕಲ್ಲು ಯಾವ ಸಂಪತ್ತಿಗೆ ಅಂತ?"

"ಮೆತ್ತಗೆ ಮಾತಾಡಿ. ಅಮ್ಮನ ಕಿವಿಗೆ ಬಿದ್ರೆ ಅದನ್ನ ತಂದು ನಿಮ್ಮ ದಿಂಬಿನ ಪಕ್ಕ ಇಡ್ತಾಳೆ."

ಅಮ್ಮನ ಕಿವಿಗೆ ಬಿದ್ದೇಬಿಟ್ಟಿತ್ತು. ಸೋಫಾದ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಮುತ್ಯಾಲಮ್ಮ ತಲೆ ಎತ್ತಿದರು. "ಲೇ ಕೊಂಡಾ, ಅದೇನ್ಲಾ ದಿನಾ ಸಿಟ್ಟೌಟು ಸಿಟ್ಟೌಟು ಅಂತ ಬಡ್ಕೋತೀಯ? ಸಿಟ್ಟು ಗೊತ್ತು, ಔಟೂ ಗೊತ್ತು. ಎರಡೂ ಸೇರ್ಕೊಂಡ್ರೆ ಏನು ಅದು?"

ಕೊಂಡಪ್ಪನವರ ತಲೆಯಲ್ಲಿ ಫಳಕ್ ಅಂತ ಬಲ್ಬು ಹತ್ತಿಕೊಂಡಿತು. ಇಪ್ಪತ್ತೆಂಟು ವರ್ಷ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿದ ತಲೆ, ಅಪರೂಪಕ್ಕೆ ಹತ್ತಿತ್ತು.

"ಅದೇ ಅಕ್ಕಾ! ಸಿಟ್ಟು ಬಂದೋರು ಹೋಗಿ ಔಟ್ ಮಾಡ್ಕೊಳ್ಳೋ ಜಾಗ. ಹಿಂದೆ ಅರಮನೇಲಿ ರಾಣಿಯರಿಗೆ ಕೋಪಗೃಹ ಅಂತ ಕಟ್ಟಿಸ್ತಿರಲಿಲ್ವಾ? ಈಗ ಫ್ಲ್ಯಾಟಿಗೊಂದು ಕಟ್ತಾರೆ. ಸಿಟ್ಟಲ್ಲಿ ಕೂತಿರೋರನ್ನ ಯಾರೂ ಮಾತಾಡಿಸಬಾರದು. ಅಲ್ಲಿ ಸಾಮಾನು ತುಂಬಿದ್ರೆ ಸಿಟ್ಟು ಆಚೆ ಹೋಗೋಕೆ ದಾರಿ ಇಲ್ದೆ ಮನೆಯೊಳಗೇ ಸುತ್ತತ್ತೆ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ದುರಾಸೆ ನೋಡಿ, ಇನ್ನೊಂದು ಸೇರಿಸಿದರು. "ಮತ್ತೆ, ಸಿಟ್ಟು ಬರ್ಸಿದೋರೇ ಕಾಫಿ ಮಾಡಿ ಅಲ್ಲಿಗೆ ತಂದ್ಕೊಡಬೇಕು. ಅದು ಪದ್ಧತಿ."

ಪ್ರಮೋದಾ ಪಿಯುಸಿ ಓದಿದವಳು. ಏನೋ ಹೇಳೋಕೆ ಬಾಯಿ ತೆಗೆದಳು, ಗಂಡನ ಮುಖ ನೋಡಿದಳು, ಹಾಗೇ ಮುಚ್ಚಿಕೊಂಡಳು. (ಕೊಂಡಪ್ಪನವರಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.)

ಮುತ್ಯಾಲಮ್ಮ ಎಲೆ ಮಡಿಚಿ ದವಡೆಗೆ ಇಟ್ಟುಕೊಂಡರು. "ಒಳ್ಳೇ ಪದ್ಧತಿ ಕಣ್ಲಾ. ನಮ್ಮನೇಲಿ ಇಂಥದ್ದೊಂದು ಇದ್ದಿದ್ರೆ ಅಪ್ಪ ಅಷ್ಟೊಂದು ಚೊಂಬು ಎಸೀತಿರಲಿಲ್ಲ. ಎತ್ರಿ, ಎಲ್ಲಾನೂ ಎತ್ರಿ!"

ಸಂಜೆಯೊಳಗೆ ಸಿಟ್ಟೌಟು ಖಾಲಿ. ಮೆಷಿನ್ ಬಚ್ಚಲಿಗೆ, ರಾಗಿ ಮೂಟೆ ಮಂಚದ ಕೆಳಕ್ಕೆ, ಬಟ್ಟೆ ಟೆರೇಸಿಗೆ. ಪಕ್ಕದ ಫ್ಲ್ಯಾಟಿನ ಮುನಾವರ್ ಪಾಷಾ ಬಂದು ಕೈ ಜೋಡಿಸಿದರು, ಒರಳುಕಲ್ಲು ಒಳಗೆ ಬಂದು ಫ್ರಿಡ್ಜಿಗೂ ಬಚ್ಚಲಿನ ಬಾಗಿಲಿಗೂ ನಡುವೆ ಪ್ರತಿಷ್ಠಾಪನೆಯಾಯಿತು. ತುಳಸಿ ಒಂದು ಮೂಲೆಗೆ ಸರಿದು ಜಾಗ ಬಿಟ್ಟಿತು. ಕೊಂಡಪ್ಪನವರು ಕುರ್ಚಿಯ ಕವರ್ ಬಿಚ್ಚಿ ತಂದು ಅಲ್ಲಿ ಹಾಕಿದರು.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಅವರು ಹಾಲಿನ ಮಧ್ಯೆ ನಿಂತು, "ನಂಗೆ ಸಿಟ್ಟು ಬಂದಿದೆ!" ಅಂತ ಘೋಷಿಸಿದರು.

"ಯಾತಕ್ಕೆ?" ಅಂದಳು ಪ್ರಮೋದಾ.

"ಸಾರಿಗೆ ಉಪ್ಪು ಜಾಸ್ತಿ!"

"ಇನ್ನೂ ಬೇಳೇನೇ ತೊಳೆದಿಲ್ಲ."

"ನಿನ್ನೆ ಸಾರಿಗೆ!"

"ನಿನ್ನೆ ಬಸ್ಸಾರು ಎರಡು ಸಲ ಬಡಿಸ್ಕೊಂಡ್ರಲ್ರೀ?"

"ಅದಕ್ಕೇ ಸಿಟ್ಟು! ಉಪ್ಪು ಜಾಸ್ತಿ ಇದೆ ಅಂತ ಗೊತ್ತಿದ್ದೂ ಎರಡನೇ ಸಲ ಬಡಿಸಿದ್ಯಲ್ಲ!"

"ಬಿಡೇ, ಬಂದೈತಂತೆ, ಹೋಗ್ಲಿ," ಅಂದರು ಮುತ್ಯಾಲಮ್ಮ. ಕೊಂಡಪ್ಪನವರು ಹೋದರು, ಕೂತರು. ಕಾಫಿ ಬಂತು. ಪ್ರಮೋದಾ ಬಾಗಿಲು ಮುಂದಕ್ಕೆಳೆದುಕೊಂಡು ಹೋದಳು.

ಆಹಾ! ಕೆಳಗೆ ಟೊಮೆಟೊ ಕ್ರೇಟ್ ತುಂಬಿದ ಟೆಂಪೋಗಳು ಮಾರ್ಕೆಟ್ಟಿನ ಕಡೆ ಹೋಗುತ್ತಿದ್ದವು. ಕಂಡಕ್ಟರ್ "ಕೇಆರ್‌ಪುರ, ಕೇಆರ್‌ಪುರ" ಅಂತ ಕೂಗುತ್ತಿದ್ದ, ಆದರೆ ಕೊಂಡಪ್ಪನವರನ್ನಲ್ಲ. ಹಾಲಿನ ಗಾಡಿಯವನು ಯಾರನ್ನೋ ಬೈಯುತ್ತಿದ್ದ, ಅದೂ ಕೊಂಡಪ್ಪನವರನ್ನಲ್ಲ. ತಣ್ಣನೆ ಗಾಳಿ ಬನಿಯನ್ನಿನೊಳಗೆ ನುಗ್ಗಿತು. ಯಾರೂ ಏನೂ ಕೇಳಲಿಲ್ಲ. ಇಷ್ಟು ಸಣ್ಣ ಸುಖಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಅಂತ ಅವರ ಕಣ್ಣಲ್ಲಿ ನೀರೇ ಬಂತು. ಒಳಗಿಂದ ಹೆಜ್ಜೆ ಸಪ್ಪಳವಾದ ತಕ್ಷಣ ಹುಬ್ಬು ಗಂಟಿಕ್ಕಿಕೊಂಡರು.

ಕಷ್ಟ ಶುರುವಾಗಿದ್ದು ಆಮೇಲೆ. ಕೊಂಡಪ್ಪನವರು ಹುಟ್ಟಾ ಸಾಧು. ಬಸ್ಸಲ್ಲಿ ಕಾಲು ತುಳಿದವನಿಗೆ ತಾವೇ ಸಾರಿ ಹೇಳೋ ಜಾತಿ. ಅಂಥವರು ದಿನಾ ಬೆಳಿಗ್ಗೆ ಆರೂವರೆಗೆ ಸಿಟ್ಟು ಎಲ್ಲಿಂದ ತರಬೇಕು? ಮುತ್ಯಾಲಮ್ಮ ಬೇರೆ ಟಿಕೆಟ್ ಚೆಕಿಂಗ್‌ನವರ ಥರ ಬಾಗಿಲಲ್ಲೇ ನಿಂತು, "ಯಾರ ಮೇಲೆ? ಯಾತಕ್ಕೆ?" ಅಂತ ಕೇಳದೆ ಬಿಡುತ್ತಿರಲಿಲ್ಲ. ಮುದ್ದೆ ಗಂಟಾಗಿತ್ತು ಅಂದರು. ಟವೆಲ್ ಒದ್ದೆ ಅಂದರು. ಪಕ್ಕದ ಮನೆ ಕುಕ್ಕರ್ ಐದು ಸಲ ಕೂಗಿತು ಅಂದರು. ಹದಿನೈದನೇ ದಿನಕ್ಕೆ ಕ್ಯಾಲೆಂಡರಿನಲ್ಲಿ ಈ ಸಲದ ಹಬ್ಬ ಭಾನುವಾರ ಬಿದ್ದಿದೆ ಅಂತ ಸಿಟ್ಟಾದರು. ಆದರೂ ಛಲ ಬಿಡಲಿಲ್ಲ. ಬಸ್ಸಿನಲ್ಲಿ ಫ್ಯಾಕ್ಟರಿಗೆ ಹೋಗುವಾಗೆಲ್ಲ ನಾಳೆ ಯಾವುದಕ್ಕೆ ಸಿಟ್ಟು ಬರಬೇಕು ಅನ್ನೋದೇ ಯೋಚನೆ.

ಅಷ್ಟರಲ್ಲಿ ಸುದ್ದಿ ಗೋಡೆಯಾಚೆ ದಾಟಿತ್ತು. ಒಂದು ಸಂಜೆ ಮುನಾವರ್ ಪಾಷಾ ಅವರ ಹೆಂಡತಿ ಅನ್ವರ್ ಬೇಗಂ ಬಂದು ಮುತ್ಯಾಲಮ್ಮನ ಪಕ್ಕ ಕೂತರು. "ಅಮ್ಮಾ, ನಂಗೂ ಸಿಟ್ಟು ಬಂದೈತೆ. ನಮ್ ಸಾಹೇಬ್ರು ಹಾರ್ಡ್‌ವೇರ್ ಅಂಗಡಿ ಪೈಪೆಲ್ಲಾ ತಂದು ನಮ್ ಸಿಟ್ಟೌಟಲ್ಲಿ ತುಂಬವ್ರೆ. ಕೂತ್ಕೊಳ್ಳೋಕೆ ಒಂದು ಅರ್ಧ ಗಂಟೆ ನಿಮ್ದು ಕೊಡ್ತೀರಾ?"

"ಹೋಗು ತಾಯಿ. ಪಾಷಾಗೆ ಕಾಫಿ ತರೋಕೆ ಹೇಳು, ಅದು ಪದ್ಧತಿ," ಅಂದರು ಮುತ್ಯಾಲಮ್ಮ.

ಕೊಂಡಪ್ಪನವರು ಹಲ್ಲು ಕಚ್ಚಿಕೊಂಡರು. ಸಂಜೆ ತಾನೇ, ಹೋಗ್ಲಿ, ಬೆಳಿಗ್ಗೆ ನಂದೇ ಅಂತ ಸಮಾಧಾನ ಮಾಡಿಕೊಂಡರು. ಆ ಸಮಾಧಾನ ಭಾನುವಾರದವರೆಗೆ ಉಳೀತು.

ಭಾನುವಾರ ಅವರ ಹತ್ತಿರ ಕಾರಣಗಳೆಲ್ಲ ಖಾಲಿ. "ನಂಗೆ ಸಿಟ್ಟು ಬಂದಿದೆ! ಕಾಫಿ... ಕಾಫಿ ಬಿಸಿ ಜಾಸ್ತಿ!"

ಪ್ರಮೋದಾ ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಅವರನ್ನ ದಾಟಿಕೊಂಡು ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟಳು.

"ಏಯ್, ಏಳೇ! ಸಿಟ್ಟು ಬಂದಿರೋದು ನಂಗೆ!"

"ನಿಮ್ಮದು ಇವತ್ತಿನ ಸಿಟ್ಟು. ನಂದು ಇಪ್ಪತ್ತಾರು ವರ್ಷದ್ದು."

"ಇಪ್ಪತ್ತಾರು ವರ್ಷ? ಏನೇ ಅಂಥದ್ದು?"

"ಮದುವೆಯಾದ ವಾರಕ್ಕೆ ನಂದಿಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ ಅಂದ್ರಿ. ದೇವನಹಳ್ಳಿ ಬಸ್ಸಲ್ಲಿ ಹೋಗೋವಾಗೆಲ್ಲ ಬೆಟ್ಟ ಕಾಣತ್ತೆ. ಇಪ್ಪತ್ತಾರು ವರ್ಷದಿಂದ ಕಾಣ್ತಾನೇ ಇದೆ. ಮಗಳು ಚಂದನ ಹುಟ್ಟಿದಾಗ ಆಸ್ಪತ್ರೆಗೆ ಫ್ಲಾಸ್ಕ್ ತಂದ್ರಿ, ಒಳಗೆ ಕಾಫಿ ಹಾಕ್ಕೊಂಡು ಬರೋದೇ ಮರ್ತಿದ್ರಿ. ವಠಾರದಲ್ಲಿ ಎಂಟು ಮನೆ ಮುಂದೆ ಸರತೀಲಿ ನಿಂತು ನೀರು ಹಿಡಿದೋಳು ನಾನು. ಫ್ಯಾಕ್ಟರೀಲಿ ನಿಮ್ಮನ್ನ ಸೂಪರ್‌ವೈಸರ್ ಒಬ್ಬ ನೋಡ್ತಾನೆ. ನನ್ನನ್ನ ನೀವು ನೋಡ್ತೀರಿ, ಅಮ್ಮ ನೋಡ್ತಾಳೆ, ಒಲೆ ಮೇಲಿರೋ ಹಾಲು ನೋಡತ್ತೆ. ನಂಗೆ ಎಲ್ಲಿದೆ ಮಾಮಾ ಪ್ರತ್ಯೇಕ?"

ಮಾಮ! ಮದುವೆಗೆ ಮುಂಚಿನ ಆ ಮಾತು ಅವಳ ಬಾಯಲ್ಲಿ ಬಂತು ಅಂದರೆ ಸಿಟ್ಟು ಅಸಲಿ ಅಂತಲೇ ಅರ್ಥ.

"ಅಕ್ಕಾ, ನೀನೇ ಹೇಳು," ಅಂತ ಕೊಂಡಪ್ಪನವರು ಮುತ್ಯಾಲಮ್ಮನ ಕಡೆ ತಿರುಗಿದರು.

"ಏನ್ ಹೇಳೋದ್ಲಾ? ಯಾರದ್ದು ಹಳೇದೋ ಅವರದ್ದೇ ಮೊದಲು. ವರ್ಷಕ್ಕೊಂದು ದಿನ ಅಂದ್ರೂ ಇಪ್ಪತ್ತಾರು ದಿನ ಅವಳು ಕೂತ್ಕೊಳ್ಲಿ. ಸಿಟ್ಟು ಬರ್ಸಿದೋನು ನೀನು, ನಡಿ, ಕಾಫಿ ಮಾಡು."

"ಇದು ಅನ್ಯಾಯ! ನಂಗೀಗ ನಿಜವಾಗ್ಲೂ ಸಿಟ್ಟು ಬಂದಿದೆ!" ಕೊಂಡಪ್ಪನವರ ಕಿವಿ ಕೆಂಪಗಾಗಿತ್ತು. ಇಪ್ಪತ್ತೊಂದು ದಿನದಲ್ಲಿ ಮೊದಲನೇ ಸಲ ಒಂದು ಅಪ್ಪಟ ಸಿಟ್ಟು.

"ಬಂತಾ? ಒಳ್ಳೇದು. ಸರತೀಲಿ ನಿಂತ್ಕೋ. ಪ್ರಮೋದಾ ಆದ್ಮೇಲೆ ಅನ್ವರ್ ಬೇಗಂ, ಅವಳಾದ್ಮೇಲೆ ನಾನು, ಆಮೇಲೆ ನೀನು."

"ನೀನಾ? ನಿಂಗ್ಯಾರ ಮೇಲಕ್ಕಾ ಸಿಟ್ಟು?"

"ನಿನ್ ಮೇಲೇನೇ. ಸಿಟ್ಟೌಟು ಅಂದ್ರೆ ಕೂತ್ಕೊಳ್ಳೋ ಜಾಗ ಅಂತ ಪ್ರಮೋದಾ ಅವತ್ತೇ ಹೇಳಿದ್ಲು. ಎತ್ತಿ ಸಾಕಿದ ಅಕ್ಕನ ಹತ್ರ ಕೋಪಗೃಹದ ಕತೆ ಕಟ್ತೀಯೇನ್ಲಾ? 'ಒಂದು ಗಳಿಗೆ ಒಬ್ಬನೇ ಕೂತ್ಕೋಬೇಕು ಅಕ್ಕಾ' ಅಂತ ಬಾಯ್ಬಿಟ್ಟು ಕೇಳಿದ್ರೆ ಕಲ್ಲು ಎತ್ತಿಸ್ತಿರಲಿಲ್ವಾ ನಾನು?"

ಕೊಂಡಪ್ಪನವರಿಗೆ ನಾಚಿಕೆಯಾಯಿತು. ಅಡುಗೆಮನೆಗೆ ಹೋಗಿ ಮೂರು ಲೋಟ ಕಾಫಿ ಮಾಡಿದರು. ಒಂದನ್ನ ಅಕ್ಕನಿಗೆ ಕೊಟ್ಟರು, ಒಂದನ್ನ ಸಿಟ್ಟೌಟಿಗೆ ತಲುಪಿಸಿದರು. ಪ್ರಮೋದಾ ಕಾಲು ಚಾಚಿಕೊಂಡು ಟೊಮೆಟೊ ಟೆಂಪೋಗಳನ್ನ ನೋಡುತ್ತಿದ್ದಳು. ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ ರೀ. ಇದಕ್ಕೊಂದು ದಿನ ಜಾಸ್ತಿ," ಅಂದಳು. ಬಾಗಿಲು ಮುಂದಕ್ಕೆಳೆದುಕೊಂಡಳು.

ಮೂರನೇ ಲೋಟ ಹಿಡಿದು ಕೊಂಡಪ್ಪನವರು ಮನೆಯೆಲ್ಲ ಸುತ್ತಿದರು. ಹಾಲಿನಲ್ಲಿ ಅಕ್ಕ, ಕೋಣೆಯಲ್ಲಿ ಬಟ್ಟೆ ರಾಶಿ, ಬಚ್ಚಲಲ್ಲಿ ಮೆಷಿನ್. ಕೊನೆಗೆ ಫ್ರಿಡ್ಜಿಗೂ ಬಚ್ಚಲಿಗೂ ನಡುವಿನ ಸಂದಿಯೊಳಗೆ ನುಸುಳಿ ಒರಳುಕಲ್ಲಿನ ಮೇಲೆ ಕೂತರು. ಕತ್ತಲೆ ಇತ್ತು, ತಂಪಾಗಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಪರವಾಗಿಲ್ಲ, ಇದೂ ಒಂಥರಾ ಪ್ರತ್ಯೇಕವೇ ಅಂದುಕೊಂಡು ಲೋಟ ತುಟಿಗೆ ಇಟ್ಟರು.

"ಲೇ ಕೊಂಡಾ!" ಮುತ್ಯಾಲಮ್ಮ ನೆತ್ತಿ ಮೇಲೇ ನಿಂತಿದ್ದರು. "ಒರಳುಕಲ್ಲಿನ ಮೇಲೆ ಯಾರಾದ್ರೂ ಕೂತ್ಕೋತಾರೇನ್ಲಾ? ಲಕ್ಷ್ಮಿ ಕಣೋ ಅದು! ಏಳು, ಏಳು ಮೇಲೆ! ಇದಕ್ಕೆ ನಂದೂ ಒಂದು ದಿನ ಜಾಸ್ತಿ."

ಕೊಂಡಪ್ಪನವರು ಎದ್ದರು. ಕಾಫಿಯನ್ನ ನಿಂತೇ ಕುಡಿದರು.