ಸಿಸ್ಟರಮ್ಮನ ಹಾಜರಿ ಪುಸ್ತಕ

ಹೆಸರು ಕೂಗಿದಾಗ ಕಣ್ಣೆದುರು ಇರುವ ಮಗುವಿಗೆ ಮಾತ್ರ ಹಾಜರಿ ಪುಸ್ತಕದಲ್ಲಿ ‘ಹಾಜರ್’ ಎಂದು ಗುರುತು ಹಾಕತಕ್ಕದ್ದು. ಇದು ನಿಯಮ. ಒಂದೇ ವಾಕ್ಯ, ಒಂದೇ ಅರ್ಥ. ಮಹಾರಾಜರ ಸರ್ಕಾರದ ಸ್ಕೂಲ್ ಇನ್ಸ್‌ಪೆಕ್ಟರನಾಗಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸುತ್ತಿದ ವರ್ಷಗಳಲ್ಲಿ ಈ ವಾಕ್ಯವನ್ನು ಮುರಿಯದ ಶಾಲೆ ಸಿಕ್ಕೀತೇ ಎಂದು ನಾನು ಹುಡುಕುತ್ತಲೇ ಇದ್ದೆ. ಸಿಗುತ್ತಿದ್ದದ್ದೆಲ್ಲ ಬೇರೆಯೇ.

ಕೊರಟಗೆರೆ ಹತ್ತಿರದ ಒಂದು ಶಾಲೆಯಲ್ಲಿ ಎರಡನೆಯ ತರಗತಿಯ ಚಾಪೆಯ ಮೇಲೆ ಮೀಸೆ ಹೊತ್ತ ವಿದ್ಯಾರ್ಥಿಯೊಬ್ಬ ಕುಳಿತಿದ್ದ. ಯಾರಯ್ಯಾ ನೀನು ಎಂದೆ.

“ಮಗ ಹೊಲ ಕಾಯಾಕೆ ಹೋಗವ್ನೆ ಬುದ್ಧಿ. ಮೇಷ್ಟ್ರ ಮರ್ವಾದೆ ಹೋಗ್ಬಾರ್ದು ಅಂತ ಅವನ ಬದ್ಲಿಗೆ ನಾನ್ ಬಂದೀವ್ನಿ.”

“ಹಾಗಾದರೆ ಮಗ್ಗಿ ಹೇಳು.”

“ಅದು ಮಗಂಗೆ ಬತ್ತದೆ ಬುದ್ಧಿ. ನಾನು ಇವತ್ತೇ ಸೇರಿರೋದು.”

೧. ಮರದ ಮರೆ

ಇಂಥ ಸೀಮೆಯಲ್ಲಿ ಸಂಶಯಪಡದೆ ಕೆಲಸ ಮಾಡುವುದು ಹೇಗೆ? ನಾನು ಎಲ್ಲರನ್ನೂ ಸಂಶಯದಿಂದಲೇ ನೋಡಿದೆ. ಎಲ್ಲರಿಗಿಂತ ಹೆಚ್ಚಾಗಿ ನೋಡಿದ್ದು ಸಿಸ್ಟರಮ್ಮನನ್ನು.

ಮಧುಗಿರಿ ಪೇಟೆಯ ಹಿಂದುಗಡೆ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಕ್ಯಾಥೊಲಿಕ್ ಸನ್ಯಾಸಿನಿ ಅವರು. ಬಿಳಿಯ ನಿಲುವಂಗಿ, ತಲೆಗೆ ಮುಸುಕು, ಮಂಗಳೂರು ಕಡೆಯ ಅಚ್ಚು ಹಾಕಿಸಿದಂಥ ಕನ್ನಡ. ಸಿಸ್ಟರ್ ಎಂದರೆ ತಂಗಿಯೋ ಅಕ್ಕನೋ, ಅದೂ ಯಾರಿಗೆ ಎಂಬುದು ಇತ್ಯರ್ಥವಾಗದೆ ಊರವರು ಕೊನೆಗೊಂದು ‘ಅಮ್ಮ’ ಸೇರಿಸಿ ಸಿಸ್ಟರಮ್ಮ ಎಂದುಬಿಟ್ಟಿದ್ದರು. ವಾರ್ಷಿಕ ತನಿಖೆಯ ದಿನ ಇಪ್ಪತ್ತು ಹುಡುಗಿಯರು ಹಾಜರಿದ್ದರೆ ಶಾಲೆಗೆ ಮಾನ್ಯತೆ. ಒಬ್ಬಳು ಕಡಿಮೆಯಾದರೂ ಮುಚ್ಚಬೇಕು. ಅವರಲ್ಲಿ ಒಟ್ಟು ಇದ್ದವರೇ ಇಪ್ಪತ್ತು.

ಆದರೂ ಅವರ ಹಾಜರಿ ಪುಸ್ತಕದ ತುಂಬ ‘ಗೈರು’. ಪಕ್ಕದಲ್ಲಿ ಕಾರಣ ಬೇರೆ: ‘ಜ್ವರ’, ‘ನೆಂಟರು’, ‘ಎಮ್ಮೆ ತಪ್ಪಿಸಿಕೊಂಡಿದೆ’. ಇಷ್ಟೊಂದು ನಿಜ ಬರೆಯುವವರು ದೊಡ್ಡದೇನನ್ನೋ ಮುಚ್ಚಿಡುತ್ತಿರಬೇಕು ಎಂದು ನನಗೆ ಖಾತ್ರಿಯಾಯಿತು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿ ಶಾಲೆಯ ಎದುರಿನ ಹುಣಸೆಮರದ ಮರೆಯಲ್ಲಿ ನಿಂತು, ಒಳಹೋಗುವ ಹುಡುಗಿಯರನ್ನು ಎಣಿಸತೊಡಗಿದೆ. ಏಳನೆಯವಳು ಹೋಗುವಷ್ಟರಲ್ಲಿ ಶಾಲೆಯ ಅಡುಗೆ ಅಜ್ಜಿ ಒಂದು ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು ನನ್ನ ಪಕ್ಕ ಇಳಿಸಿದಳು.

“ನಿಂತ್ರೆ ಕಾಲು ನೋಯ್ತವಂತೆ ಸಾಮಿ. ಕುಂತ್ಕಂಡು ಎಣಿಸ್ಬೇಕಂತೆ.”

೨. ಗಂಡನ ಹೆಸರು

ಸಂಶಯದಲ್ಲಿ ನನ್ನ ಗುಮಾಸ್ತ ನನಗಿಂತ ಒಂದು ಕೈ ಮೇಲು. ಉಪಾಧ್ಯಾಯಿನಿಯರ ವಿವರದ ಪಟ್ಟಿ ತುಂಬಿಸಲು ಹೋದವನ ಕಣ್ಣು ಮೊದಲು ಬಿದ್ದದ್ದು ಸಿಸ್ಟರಮ್ಮನ ಬೆರಳಿನ ಉಂಗುರದ ಮೇಲೆ.

“ಮದುವೆ ಆಗಿದೆಯೇ ತಾಯಿ?”

“ನನ್ನನ್ನು ಕ್ರಿಸ್ತನಿಗೆ ಒಪ್ಪಿಸಿಕೊಂಡಿದ್ದೇನೆ. ಈ ಉಂಗುರ ಅದರ ಗುರುತು.”

“ಸಂತೋಷ. ಯಜಮಾನರ ವಾಸ ಎಲ್ಲಿ?”

“ಸ್ವರ್ಗದಲ್ಲಿ.”

ಗುಮಾಸ್ತ ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡು, ‘ಗಂಡನ ಹೆಸರು: ಕ್ರಿಸ್ತಪ್ಪ. ಉಪಾಧ್ಯಾಯಿನಿ ವಿಧವೆ’ ಎಂದು ಬರೆದುಕೊಂಡು ಬಂದ. ನಕಲು ಕೈಗೆ ಸಿಕ್ಕಿದೊಡನೆ ಸಿಸ್ಟರಮ್ಮ ನೇರ ನನ್ನ ಕಚೇರಿಗೆ ಬಂದರು.

“ಇದು ಅಸತ್ಯ. ತಿದ್ದಬೇಕು.”

“ಅವರು ತೀರಿಕೊಂಡದ್ದು ಸುಳ್ಳೇ ತಾಯಿ?” ಎಂದ ಗುಮಾಸ್ತ.

“ತೀರಿಕೊಂಡದ್ದು ನಿಜ. ಮೂರನೆಯ ದಿನ ಎದ್ದರು.”

ಗುಮಾಸ್ತ ಬಹಳ ಹೊತ್ತು ನಿಯಮಾವಳಿ ತಿರುವಿ ಹಾಕಿದ. “ಇದಕ್ಕೆ ಕಾಲಂ ಇಲ್ಲ” ಎಂದ. ಆಮೇಲೆ ಕನಿಕರದಿಂದ, “ಎದ್ದದ್ದಕ್ಕೆ ಅಮಲ್ದಾರರಿಂದ ಒಂದು ಸರ್ಟಿಫಿಕೇಟ್ ತಂದುಬಿಡಿ ತಾಯಿ, ಇವತ್ತೇ ತಿದ್ದಿಕೊಡ್ತೀನಿ” ಎಂದ.

೩. ಕೂಡುವ ಲೆಕ್ಕ

ಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಶೆಟ್ಟರ ಮಗಳೂ ಆ ಇಪ್ಪತ್ತರಲ್ಲಿ ಒಬ್ಬಳು. ಶೆಟ್ಟರು ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ ಧರಿಸಿದ ಆಚಾರವಂತರು. ಒಂದು ದಿನ ಮಗಳ ಸ್ಲೇಟನ್ನು ಕಂಕುಳಲ್ಲಿ ಅವುಚಿಕೊಂಡು ನನ್ನ ಕಚೇರಿಗೆ ಬಂದು, ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ ಹೇಳಿದರು:

“ನಾನು ಮೊದ್ಲೇ ಅಂದಿದ್ದೆ ಸ್ವಾಮಿ. ಸಿಕ್ಕಿಬಿತ್ತು. ನೋಡ್ಕಳಿ.”

ಸ್ಲೇಟಿನ ಮೇಲೆ ಐದು ಲೆಕ್ಕಗಳಿದ್ದವು. ಐದೂ ಸರಿ. ನನಗೆ ದೋಷ ಕಾಣಲಿಲ್ಲ.

“ಲೆಕ್ಕ ಬುಡಿ. ಅಂಕಿ ಪಕ್ದಾಗೆ ನೋಡಿ. ಶಿಲುಬೆ! ಒಂದಲ್ಲ, ಐದು! ದಿನಾ ಇಂಗೇ ಬರಿಸ್ತಾ ಅವ್ರೆ, ಎಳೇ ಮಕ್ಕಳ ಕೈಲಿ.”

ಅದು ಕೂಡುವ ಗುರುತು, ಸರ್ಕಾರದ ಪಾಠಪುಸ್ತಕದಲ್ಲೇ ಇದೆ ಎಂದು ಪುಸ್ತಕ ತೆಗೆದು ತೋರಿಸಿದೆ. ಶೆಟ್ಟರು ಪುಸ್ತಕ ನೋಡಿ, ನನ್ನನ್ನು ನೋಡಿ, ನನ್ನ ಕೊರಳಿನ ಟೈ ನೋಡಿದರು. ಇಂಗ್ಲಿಷ್ ಶಾಲೆಯಲ್ಲಿ ಓದಿದವನು ಬೇರೇನು ಹೇಳಿಯಾನು ಎಂಬುದು ಅವರ ಮುಖದ ಮೇಲೆ ಸ್ಪಷ್ಟವಾಗಿತ್ತು. ಆದರೆ ಮಗಳನ್ನು ಬಿಡಿಸುವಂತೆಯೂ ಇರಲಿಲ್ಲ. ಮಂಡಿಗೆ ಬರುವ ಕಾಗದಗಳನ್ನು ಅವರಿಗೆ ಓದಿ ಹೇಳುತ್ತಿದ್ದವಳು ಅವಳೇ. ಕೊನೆಗೆ ರಾಜಿಗೆ ಬಂದರು.

“ಆಗ್ಲಿ ಸ್ವಾಮಿ, ಬಿಡಿಸಲ್ಲ. ಆದ್ರೆ ನಮ್ಮ ಹುಡ್ಗಿಗೆ ಕೂಡೋ ಲೆಕ್ಕ ಬ್ಯಾಡ. ಕಳೆಯೋದು ಒಂದು ಹೇಳ್ಕೊಟ್ರೆ ಸಾಕು.”

೪. ಲೇದು

ಸಿಸ್ಟರಮ್ಮನ ಶಾಲೆಯ ವಾರ್ಷಿಕ ತನಿಖೆಗೆ ಮೊದಲು ಪಾವಗಡದ ಸುತ್ತು ಮುಗಿಸಬೇಕಾಗಿತ್ತು. ವಳ್ಳೂರಿನ ಕಡೆ ಮನೆಮಾತು ತೆಲುಗು. ಮೈಸೂರಿನಲ್ಲಿ ಹುಟ್ಟಿ, ಇಂಗ್ಲಿಷಿನಲ್ಲಿ ಓದಿದ ನನಗೆ ತೆಲುಗು ಒಂದಕ್ಷರ ಬಾರದು. ಒಂದು ಶಾಲೆಯಲ್ಲಿ ಹಾಜರಿ ಕೂಗಿದೆ. ಮೊದಲನೆಯ ಹೆಸರಿಗೆ ಒಬ್ಬ ಹುಡುಗ ಎದ್ದು, “ಲೇದು ಸಾಮಿ” ಎಂದ.

“ಏನದು?” ಎಂದು ಮೇಷ್ಟರನ್ನು ಕೇಳಿದೆ.

ಮೇಷ್ಟರು ಕೈಕಟ್ಟಿಕೊಂಡು, “ತೆಲುಗಿನಲ್ಲಿ ‘ಹಾಜರ್’ ಸ್ವಾಮಿ” ಎಂದರು.

ಹನ್ನೊಂದು ಹೆಸರಿಗೆ ಲೇದು ಬಂತು. ಹನ್ನೊಂದಕ್ಕೂ ನನ್ನ ಕೈಯಾರೆ ಹಾಜರ್ ಹಾಕಿದೆ. ಕಾಣುವ ತಲೆಗಳು ಕಡಿಮೆಯೆನಿಸಿ ಸಂಶಯ ಬಂತು. ಹಿಂದಿನವರು ಕಂಬದ ಮರೆಯಲ್ಲಿದ್ದಾರೆ ಎಂದು ಮೇಷ್ಟರು ಸಮಾಧಾನ ಹೇಳಿದರು.

ಸಂಜೆ ಮುಸಾಫರಖಾನೆಯಲ್ಲಿ ಕುಡಿಯಲು ಹಾಲು ಕೇಳಿದೆ. ಅಡುಗೆಯವನು, “ಪಾಲು ಲೇದು ಸಾಮಿ” ಎಂದ. ಒಳ್ಳೆಯದು ಎಂದು ಲೋಟ ಮುಂದಿಟ್ಟುಕೊಂಡು ಕುಳಿತೆ. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದೆ. “ಲೇದು, ಲೇದು” ಎಂದ. ಹಾಲು ಬೇಕಾದಷ್ಟಿದೆ ಎಂದುಕೊಂಡು ಮತ್ತೂ ಕುಳಿತೆ. ಕೊನೆಗೆ ಸುತ್ತಿಗೆ ಜೊತೆಯಲ್ಲಿ ಬಂದಿದ್ದ ನನ್ನ ಜವಾನನನ್ನು ಕರೆದು, “ಹಾಲು ಹಾಜರಿದೆ ಎನ್ನುತ್ತಾನೆ, ತರುವುದಿಲ್ಲವಲ್ಲ!” ಎಂದು ರೇಗಿದೆ.

ಜವಾನ ಮುಖ ಆಚೆ ತಿರುಗಿಸಿಕೊಂಡ. “ಬೆಳಿಗ್ಗೆ ಆ ಹನ್ನೊಂದು ಹುಡುಗ್ರೂ ಇಂಗೇ ಹಾಜರಿದ್ರು ಬುದ್ಧಿ.”

೫. ತನಿಖೆಯ ದಿನ

ಹೀಗೆ ನಾನೇ ಮೋಸಹೋಗಿ ಬಂದ ಮೂರನೆಯ ದಿನ ಸಿಸ್ಟರಮ್ಮನ ಶಾಲೆಯ ತನಿಖೆ. ಕಾಲಿಟ್ಟೊಡನೆ ತಲೆ ಎಣಿಸಿದೆ. ಹತ್ತೊಂಬತ್ತು. ಮತ್ತೆ ಎಣಿಸಿದೆ. ಹತ್ತೊಂಬತ್ತೇ. ಇಲ್ಲದವಳು ಬೆಲ್ಲದ ಶೆಟ್ಟರ ಮಗಳು. ಐ.ಡಿ.ಹಳ್ಳಿಯ ಅಜ್ಜಿಯ ಮನೆಗೆ ನಾಮಕರಣಕ್ಕೆ ಹೋದವಳು, ಗಾಡಿಯ ಅಚ್ಚು ಮುರಿದು ಅಲ್ಲೇ ಉಳಿದಿದ್ದಾಳೆ ಎಂದು ತಿಳಿಯಿತು. ಶೆಟ್ಟರು ಕಿಟಕಿಯ ಸರಳು ಹಿಡಿದು ಹೊರಗೆ ನಿಂತಿದ್ದರು. ಮಗಳ ಶಾಲೆ ಮಗಳಿಂದಲೇ ಮುಚ್ಚಿಹೋಗುತ್ತದೆ ಎಂಬುದು ಅವರಿಗೂ ಗೊತ್ತಾಗಿತ್ತು.

ಬೆಳಗಿನಿಂದ ಹುಡುಗಿಯರನ್ನು ಪರೀಕ್ಷಿಸಿದೆ. ಓದು, ಉಕ್ತಲೇಖನ, ಲೆಕ್ಕ. ನಾಲ್ಕು ತಾಲ್ಲೂಕಿನಲ್ಲಿ ಅಂಥ ಉತ್ತರಗಳನ್ನು ನಾನು ಕೇಳಿರಲಿಲ್ಲ. ಸಂಶಯಪಡಲು ಏನಾದರೂ ಸಿಕ್ಕೀತೇ ಎಂದು ನೋಡಿದೆ. ಏನೂ ಸಿಗಲಿಲ್ಲ. ಕೊನೆಗೆ ಕುರ್ಚಿಯಲ್ಲಿ ಕುಳಿತು ಹಾಜರಿ ಕೂಗತೊಡಗಿದೆ. ಹತ್ತೊಂಬತ್ತು ಹೆಸರು ಮುಗಿದವು. ಇಪ್ಪತ್ತನೆಯದನ್ನು ಸ್ವಲ್ಪ ಮೆಲ್ಲಗೆ ಕೂಗಿದೆ. ಸುಳ್ಳೇಕೆ, ಬಹಳ ಮೆಲ್ಲಗೆ ಕೂಗಿದೆ.

“ಹಾಜರ್!” ಎಂದರು ಹತ್ತೊಂಬತ್ತು ಹುಡುಗಿಯರು ಒಟ್ಟಿಗೆ.

“ಬಂದವ್ಳೆ ಕಣ್ ಸಾಮಿ, ನೀರು ಕುಡಿಯಾಕೆ ಹೋಗವ್ಳೆ” ಎಂದಳು ಅಡುಗೆ ಅಜ್ಜಿ ಬಾಗಿಲಿನಿಂದ.

“ನನ್ ಮಗಳು ಸ್ವಾಮಿ, ನಾನೇ ಹೇಳ್ತಾ ಇದೀನಿ, ಹಾಜರ್ ಅಂತ ಬರ್ಕಳಿ!” ಎಂದರು ಶೆಟ್ಟರು ಕಿಟಕಿಯಿಂದ.

“ನಾನೂ ನೋಡ್ದೆ ಬುದ್ಧಿ” ಎಂದ ನನ್ನ ಜವಾನ, ಯಾರೂ ಕೇಳದಿದ್ದರೂ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, “ಹಾಜರ್ ಎಂದು ಸ್ಪಷ್ಟವಾಗಿ ಕೇಳಿಸಿತು” ಎಂದು ಪೆನ್ನನ್ನು ಮಸಿಯಲ್ಲಿ ಅದ್ದಿದೆ.

ಸಿಸ್ಟರಮ್ಮ ಮೇಜಿನ ಹತ್ತಿರ ಬಂದರು. ನನ್ನ ಕಡೆ ನೋಡಲಿಲ್ಲ. ತರಗತಿಯ ಕಡೆ ತಿರುಗಿ, ದಿನವೂ ಹೇಳುವಂಥ ದನಿಯಲ್ಲಿ ಹೇಳಿದರು: “ಸುಳ್ಳು ಹೇಳಿದವರೆಲ್ಲ ಎದ್ದು ನಿಲ್ಲಿ.”

ಹತ್ತೊಂಬತ್ತು ಹುಡುಗಿಯರೂ ಎದ್ದರು. ಹೊಸ್ತಿಲ ಮೇಲೆ ಕುಳಿತಿದ್ದ ಅಡುಗೆ ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. ಮೊದಲೇ ನಿಂತಿದ್ದ ಜವಾನ ಇನ್ನಷ್ಟು ನೆಟ್ಟಗಾದ. ಕಿಟಕಿಯಾಚೆ ಶೆಟ್ಟರು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಕೋಣೆಯಲ್ಲಿ ಕುಳಿತಿದ್ದವನು ನಾನೊಬ್ಬನೇ. ಆಗ ಸಿಸ್ಟರಮ್ಮ ನನ್ನ ಕಡೆ ನೋಡಿದರು.

ನಾನೂ ಎದ್ದು ನಿಂತೆ.

ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಇಪ್ಪತ್ತನೆಯ ಹೆಸರಿನ ಮುಂದೆ ದುಂಡಾದ ಅಕ್ಷರಗಳಲ್ಲಿ ‘ಗೈರು’ ಎಂದು ಬರೆದು, ಮಸಿ ಆರುವವರೆಗೆ ಊದಿ, ನನ್ನ ಸಹಿಗೆ ಪುಸ್ತಕವನ್ನು ಮುಂದಕ್ಕೆ ತಳ್ಳಿದರು.